ಹುಳ ಅಂದರೆ ಹುಳ

ಹೊತ್ತು ಮುಳುಗಿದ ಮೇಲೆ ಮಟಕಿ ಊರಲ್ಲಿ ಯಾರೂ ಹಾವಿನ ಹೆಸರೆತ್ತುವುದಿಲ್ಲ. ಹೆಸರು ಹಿಡಿದರೆ ಕರೆದಂತಾಗುತ್ತದಂತೆ, ಅದಕ್ಕೇ 'ಹುಳ' ಅನ್ನುತ್ತಾರೆ. ತುಮಕೂರಿನಿಂದ ಬಂದು ಇನ್ನೂ ತಿಂಗಳಾಗದ ಶಾಂಭವಿ ಟೀಚರಿಗೆ ಇದೆಲ್ಲಿ ಗೊತ್ತು? ದೀಪ ಹಚ್ಚುವ ಹೊತ್ತಿಗೆ ಅಂಗಳದಿಂದ ಕೂಗಿದರು: "ಬೇಗ ಬನ್ನಿ, ನಮ್ಮನೇಲಿ ಹುಳ ಬಂದಿದೆ, ಹೆಂಗೆ ಹೊಳೀತಿದೆ ನೋಡಿ!"

ಮುಗೀತಲ್ಲ! ಪಕ್ಕದ ಮನೆಯ ದೊಡ್ಡಪ್ಪ ಇದು ನಾಗಮಣಿಯೇ ಸೈ ಎಂದು ಓಡಿದವನು ಲಾಡ್ಲೆಸಾಬನ ಬಾಗಿಲಲ್ಲಿ ನಿಂತ. "ಸಾಬ್ರ, ಕೋಲ ತಗೊಂಡು ಬರ್ರಿ! ಟೀಚರ ಮನ್ಯಾಗ ಮಣಿ ಹೊತ್ತ ಹುಳ ಬಂದದ!"

ಮೂವತ್ತು ವರ್ಷ ಹಾವು ಹಿಡಿದ ಲಾಡ್ಲೆಸಾಬನ ಕೈ ತುರಿಸಿತು. ಆದರೆ ಹೋದ ವಾರವಷ್ಟೇ ನಾಗರವೊಂದು ಅವನ ಅಂಗಿಯ ತೋಳಿಗೆ ಬಾಯಿ ಹಾಕಿತ್ತು. ಅಂದೇ ಹೆಂಡತಿ ಅಜೀಜಾಬಿ ಆಣೆ ಇಟ್ಟಿದ್ದಳು: "ಇನ್ನೊಮ್ಮಿ ಆ ಕೋಲ ಮುಟ್ಟಿದ್ರಂದ್ರ ನಾ ಖಜೂರಿಗೆ, ತವರಮನಿಗೆ ಹೋಗ್ತೇನಿ, ನೋಡ್ರಿ." ಅವಳಿಲ್ಲದ ಮನೆ ನೆನೆದರೇ ಅವನ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಕಾಲು ಮಾತು ಕೇಳಬೇಕಲ್ಲ! "ಇದೊಂದೇ ಸಲ ಬೇ," ಎಂದು ಕೋಲು ಹಿಡಿದು ನಡೆದೇಬಿಟ್ಟ. ಅಜೀಜಾಬಿ ಚೀಲಕ್ಕೆ ಸೀರೆ ತುರುಕತೊಡಗಿದಳು.

ಟೀಚರ ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. "ಎಲ್ಲಾರೂ ಹಿಂದ ಸರೀರಿ!" ಎಂದು ಅಬ್ಬರಿಸಿದ ಲಾಡ್ಲೆಸಾಬ, "ಎಲ್ಲದರಿ ಹುಳ?" ಎಂದು ಕೇಳಿದ. ಟೀಚರು ಹೂವಿನ ಕುಂಡದ ಬುಡ ತೋರಿಸಿದರು. ಅಲ್ಲಿ ಬೆರಳಿನ ಗೆಣ್ಣಿನಷ್ಟುದ್ದದ ಒಂದು ಹುಳ, ಬಾಲದಲ್ಲಿ ಹಸಿರು ಬೆಳಕು ಹೊತ್ತಿಸಿಕೊಂಡು ಕೂತಿತ್ತು.

"ಗಟ್ಟಿ ಹಿಡೀರಿ ಸಾಬ್ರ, ಹೆಡಿ ಎತ್ತೀತು!" ಎಂದ ದೊಡ್ಡಪ್ಪ, ನಾಗಮಣಿ ಎಂದವನು ತಾನಲ್ಲವೇ ಅಲ್ಲ ಎಂಬಂತೆ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಾಡ್ಲೆಸಾಬನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದು ಹೆಣ್ಣು ಮಿಂಚುಹುಳ," ಎಂದು ಟೀಚರು ಅವನನ್ನು ಸಮಾಧಾನ ಮಾಡಿದರು. "ರೆಕ್ಕೆ ಇರಲ್ಲ. ದೀಪ ಹಚ್ಚಿಕೊಂಡು ಕೂತಲ್ಲೇ ಗಂಡಿಗೆ ಕಾಯುತ್ತೆ."

ಮನೆಗೆ ಬಂದರೆ ಹೊರಗಿನ ಬಲ್ಬು ಉರಿಯುತ್ತಿತ್ತು. ಅದರಡಿ ಅಜೀಜಾಬಿ, ತೊಡೆಯ ಮೇಲೆ ಚೀಲ. ಹೋದ ಜೀವ ಬಂದಂತಾಗಿ ಅವನು ನಡೆದದ್ದನ್ನೆಲ್ಲ ಒದರಿದ, ಹೆಣ್ಣುಹುಳದ ಮಾತನ್ನೂ ಬಿಡಲಿಲ್ಲ. "ಥೇಟ್ ನಿನ್ನಂಗೇ ಕಾಯಾಕತ್ತಿತ್ತು ಬೇ!"

ಅಜೀಜಾಬಿ ನಗಲಿಲ್ಲ. "ಅದಕ್ಕ ರೆಕ್ಕಿಲ್ಲ, ಕೂತದ. ನನಗ ಮುಂಜಾನಿ ಖಜೂರಿ ಬಸ್ಸದ."

ಲಾಡ್ಲೆಸಾಬ ಮೂವತ್ತು ವರ್ಷದ ಕೋಲನ್ನು ಮೊಣಕಾಲಿಗಿಟ್ಟು ಮುರಿದ. ಅಜೀಜಾಬಿ ಇಟ್ಟ ಅಂದಿನ ಚಹಾ ಅದರ ಉರಿಯಲ್ಲೇ ಕುದಿಯಿತು.