ಯಾರ ಕೈಗೆ ಒಪ್ಪಿಸಿದಿರಿ?

ಪೀಳಮೇಡಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬೆಳಗಿನ ಕಾಫಿ ಕುಡಿಯುತ್ತ, ನಿವೃತ್ತಿಯ ಅಂಚಿನಲ್ಲಿದ್ದ ಸರ್ಜರಿ ಮುಖ್ಯಸ್ಥ ದೀನದಯಾಳನ್ ಹೇಳಿದರು: "ತಂಬಿ, ನನ್ನ ಜಾಗಕ್ಕೆ ನಿನ್ನ ಹೆಸರು ಕೊಡ್ತಿದ್ದೀನಿ. ಸಾಯಂಕಾಲ ಟ್ರಸ್ಟಿಗಳ ಸಭೆ."

ಸೆಲ್ವಕುಮಾರನಿಗೆ ಹಿಗ್ಗಾಯಿತು, ಜೊತೆಗೇ ಇರುಸುಮುರುಸು. "ಇಂದುಜಾ ಮೇಡಂ ನನಗಿಂತ ಆರು ವರ್ಷ ಸೀನಿಯರ್, ಸರ್."

"ಕೆಲಸದಲ್ಲಿ ಎರಡು ಮಾತಿಲ್ಲ. ಆದ್ರೆ ಹತ್ತು ಗಂಡಸರನ್ನು ಹೆಂಗಸು ಆಳೋದು ಸುಲಭನಾ? ಮೇಲಾಗಿ ನೇಯ್ಗೆಯವರ ಮನೆಯವಳು, ಮನೆಮಾತು ಕನ್ನಡ. ಟ್ರಸ್ಟಿಗಳಿಗೆ ತಮ್ಮವರೇ ಬೇಕು."

ಸೆಲ್ವಕುಮಾರ ಕಾಫಿ ಮುಗಿಸಿ ವಾರ್ಡಿಗೆ ಹೊರಟ.

ಮಧ್ಯಾಹ್ನ ಮಯಿಲ್‌ಸಾಮಿ ಎಂಬ ಮಗ್ಗದ ಕೆಲಸಗಾರನನ್ನು ತಿರುಪ್ಪೂರಿನ ಕಡೆಯಿಂದ ಆಂಬುಲೆನ್ಸಿನಲ್ಲಿ ತಂದರು. ವ್ಯಾನು ಗುದ್ದಿ ಲಿವರ್ ಸೀಳಿತ್ತು. ಸೆಲ್ವಕುಮಾರ ಹೊಟ್ಟೆ ತೆರೆದದ್ದೇ ತಡ, ರಕ್ತ ಉಕ್ಕಿತು. ಹಾಕಿದ ಹೊಲಿಗೆ ಕಿತ್ತುಬಂತು. ಇನ್ನೊಂದೂ ಕಿತ್ತುಬಂತು.

"ಬಿ.ಪಿ. ಐವತ್ತು," ಎಂದರು ಅರಿವಳಿಕೆ ಡಾಕ್ಟರು.

ನರ್ಸ್ ಶಿವಗಾಮಿ ಯಾರನ್ನೂ ಕೇಳದೆ ಇಂದುಜಾಗೆ ಫೋನ್ ಮಾಡಿದ್ದಳು. ಇಂದುಜಾ ಗ್ಲೌಸ್ ತೊಟ್ಟು ಬಂದವಳೇ ಲಿವರ್‌ಗೆ ಹೋಗುವ ರಕ್ತನಾಳವನ್ನು ಬೆರಳಲ್ಲಿ ಅದುಮಿ ಹಿಡಿದಳು.

"ಸೂಜಿ ಬಿಡಿ, ಸೆಲ್ವಕುಮಾರ್. ಪ್ಯಾಡ್ ಇಟ್ಟು ಒತ್ತಿ. ಅವಸರ ಬೇಡ."

ಅವನು ಸೂಜಿ ಬಿಟ್ಟು ಪ್ಯಾಡ್ ಒತ್ತಿದ. ಎಷ್ಟೋ ಹೊತ್ತಿನ ಮೇಲೆ, "ತೊಂಬತ್ತು," ಎಂದರು ಅರಿವಳಿಕೆ ಡಾಕ್ಟರು.

ಹೊರಗೆ ಮಯಿಲ್‌ಸಾಮಿಯ ತಾಯಿ ಸೆಲ್ಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಸುದ್ದಿ ತಿಳಿದು ಬಂದ ದೀನದಯಾಳನ್ ಸೆಲ್ವಕುಮಾರನ ಭುಜ ತಟ್ಟಿದರು. "ನಿಮ್ಮ ಮಗನ ಜೀವ ಉಳಿಸಿದವರು ಇವರೇಮ್ಮಾ."

ಮುದುಕಿ ಅವನ ಕಾಲಿಗೆ ಬಾಗಿದಳು. ಹಿಂದಿದ್ದ ಇಂದುಜಾ ವಾರ್ಡಿನ ಕಡೆ ತಿರುಗಿದಳು. ತನ್ನ ಕೆಲಸದ ಹೆಸರು ಬೇರೆಯವರಿಗೆ ಹೋಗುವುದು ಅವಳಿಗೆ ರೂಢಿಯಾಗಿದೆ ಎಂದು ಸೆಲ್ವಕುಮಾರನಿಗೆ ಆಗ ಹೊಳೆಯಿತು.

"ನಾನಲ್ಲಮ್ಮಾ," ಎಂದು ಹಿಂದೆ ಸರಿದ. "ನನ್ನ ಕೈಲಿ ಆಗಲಿಲ್ಲ. ಉಳಿಸಿದವರು ಅವರು."

ಸೆಲ್ಲಮ್ಮ ಇಂದುಜಾಳನ್ನು ಗೊಂದಲದಿಂದ ನೋಡಿದಳು. "ಅಯ್ಯೋ, ನಿನ್ನ ನರ್ಸಮ್ಮ ಅಂದ್ಕೊಂಡ್ನಲ್ಲ, ನನ್ ಕಣ್ಣು! ನನ್ ಮಗ ಪೊಳಚ್ಕೊಂಡ್ನಾ, ಜೀವ ಉಳೀತಾ?"

"ಪೊಳಚ್ಕೊಂಡ, ಅಮ್ಮಾ. ಬಯಪಡ್ಬೇಡ," ಎಂದಳು ಇಂದುಜಾ, ತಮ್ಮಿಬ್ಬರ ಮನೆಮಾತಾದ ಕನ್ನಡದಲ್ಲಿ.

ದೀನದಯಾಳನ್ ಅವನನ್ನು ಪಕ್ಕಕ್ಕೆ ಎಳೆದರು. "ಏನಪ್ಪಾ ಇದು? ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಳ್ತೀಯಾ?"

"ಸರ್, ಹೋದ ವರ್ಷ ಸುಶೀಲಮ್ಮನವರ ಆಪರೇಷನ್ ಆಯ್ತಲ್ಲ. ನಿಮ್ಮ ಹೆಂಡತಿಯನ್ನು ನೀವು ಯಾರ ಕೈಗೆ ಒಪ್ಪಿಸಿದಿರಿ?"

ದೀನದಯಾಳನ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ತಾವೇ ವಾರ್ಡಿನ ಬಾಗಿಲಿಗೆ ನಡೆದರು.

"ಇಂದುಜಾ, ಸಭೆಗೆ ನೀವೂ ಬನ್ನಿ. ನನ್ನ ಜಾಗಕ್ಕೆ ನಿಮ್ಮ ಹೆಸರು ಹೇಳ್ತೀನಿ. ಅವರು ಒಪ್ತಾರೋ ಇಲ್ವೋ, ನಾನಂತೂ ಹೇಳ್ತೀನಿ."

ಅವಳು ರೋಗಿಯ ನಾಡಿಯಿಂದ ಕೈ ತೆಗೆಯಲಿಲ್ಲ. "ಇವನು ಕಣ್ಣು ಬಿಡಲಿ, ಸರ್. ಆಮೇಲೆ ಬರ್ತೀನಿ."

ದೀನದಯಾಳನ್ ಫೋನ್ ತೆಗೆದರು. "ಸಭೆ ಸ್ವಲ್ಪ ತಡವಾಗಲಿ," ಎಂದರು ಟ್ರಸ್ಟಿಗೆ. "ಡಾಕ್ಟರ್ ಇಂದುಜಾ ಕೆಲಸದಲ್ಲಿದ್ದಾರೆ. ನಾವೇ ಕಾಯೋಣ."