ಎರಡನೇ ಸಲ ಕೇಳದ ಊರು

ನಮ್ಮಲ್ಲಿ ಒಂದು ನಿಯಮವಿದೆ. ಎಲ್ಲೂ ಬರೆದಿಟ್ಟಿಲ್ಲ, ಆದರೂ ಯಾರೂ ಮೀರುವುದಿಲ್ಲ. ಒಬ್ಬರ ಮನೆಗೆ ಹೋದಾಗ "ಕಾಫಿ ಕುಡೀತೀರಾ?" ಎಂದು ಕೇಳಿದರೆ, "ಬೇಡ, ಈಗ ತಾನೇ ಆಯ್ತು" ಎನ್ನಬೇಕು. ಆಗಿರದಿದ್ದರೂ ಎನ್ನಬೇಕು. ಅವರು "ಅರ್ಧ ಲೋಟ ತಗೊಳ್ಳಿ" ಎನ್ನುತ್ತಾರೆ. ನಾವು "ಅಯ್ಯೋ, ಸುಮ್ನೆ ನಿಮಗೆ ತೊಂದ್ರೆ" ಎನ್ನುತ್ತೇವೆ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿರುತ್ತದೆ, ಲೋಟ ತುಂಬಾ ಕಾಫಿ ಬರುತ್ತದೆ. ಕೇಳಿದ ತಕ್ಷಣ "ಕೊಡಿ" ಎಂದವರು ಗೇಟು ದಾಟುವ ಮೊದಲೇ ನಮ್ಮಮ್ಮ ಅವರಿಗೆ ಬರಗೆಟ್ಟವರು ಎಂದು ಹೆಸರಿಟ್ಟಾಗಿರುತ್ತಿತ್ತು.

ಇಂಥ ಮನೆಯಲ್ಲಿ ಬೆಳೆದ ನಾನು ಇಂಗ್ಲಿಷ್ ಮೇಡಂ ಆಗಿ ಈ ದೇಶಕ್ಕೆ ಬಂದೆ. ಊರಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿತ್ತು. ಅದೇ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನ್ನ ಗಂಡ ಅಷ್ಟರಲ್ಲಿ ನಿವೃತ್ತರಾಗಿದ್ದರು. ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಇಲ್ಲಿನ ಶಾಲೆಯಲ್ಲಿ ನನಗೆ ಒಂದು ವರ್ಷದ ಕೆಲಸ ಸಿಕ್ಕಿತು. ಅವರು ಮನೆ ನೋಡಿಕೊಳ್ಳುತ್ತೇನೆಂದು ಅಲ್ಲೇ ಉಳಿದರು, ನಾನು ಸೂಟ್‌ಕೇಸ್ ಎಳೆದುಕೊಂಡು ಹೊರಟೆ.

ಬಂದ ದಿನ ಸಂಜೆ, ನಾನು ಬಾಡಿಗೆಗಿದ್ದ ಕೋಣೆಯ ಒಡತಿ ಬಾಗಿಲಲ್ಲಿ ನಿಂತು, "ಸೂಪ್ ಮಾಡಿದ್ದೀನಿ, ಬೇಕಾ?" ಎಂದು ಕೇಳಿದಳು. ವಿಮಾನದ ಊಟ ಕರಗಿ ಯಾವ ಕಾಲವೋ ಆಗಿತ್ತು. ಅಡುಗೆಮನೆಯಿಂದ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ ಬರುತ್ತಿತ್ತು. ನಾನು ನಕ್ಕು, "ಬೇಡ, ಬೇಡ" ಎಂದೆ. ಅವಳೂ ನಕ್ಕಳು. ಆಮೇಲೆ ಪಾತ್ರೆಗೆ ಮುಚ್ಚಳ ಬಿದ್ದ ಸದ್ದಾಯಿತು, ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದಾಯಿತು, ಟೀವಿ ಶುರುವಾಯಿತು. ಈಗ ಬಂದಾಳು, ಆಗ ಬಂದಾಳು ಎಂದು ಮಂಚದ ತುದಿಯಲ್ಲಿ ಕಾದು ಕೂತು ಕೊನೆಗೆ ಕೈಚೀಲದ ತಳದಲ್ಲಿದ್ದ ಬಿಸ್ಕತ್ತಿನ ಪುಡಿಯನ್ನು ಬಾಯಿಗೆ ಸುರಿದುಕೊಂಡು ಮಲಗಿದೆ.

ಶಾಲೆಯಲ್ಲೂ ಅದೇ ಕಥೆ. ಸ್ಟಾಫ್ ರೂಮಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು ಸುತ್ತು ಬರುತ್ತಿತ್ತು. ನಾನು ಸಂಕೋಚದಿಂದ ಕೈ ಅಡ್ಡ ಹಿಡಿದರೆ, ತಟ್ಟೆ ನಮ್ಮ ಸ್ಟಾಪಿನಲ್ಲಿ ನಿಲ್ಲಿಸದ ಬಸ್ಸಿನ ಹಾಗೆ ಮುಂದೆ ಹೋಗುತ್ತಿತ್ತು. ಸದಾ ಕತ್ತಿಗೆ ಮಫ್ಲರ್ ಸುತ್ತಿಕೊಂಡಿರುತ್ತಿದ್ದ ಇನ್ನೊಬ್ಬ ಮೇಷ್ಟ್ರು ಪಕ್ಕದಲ್ಲೇ ಕೂತು ಎರಡು ಚೂರು ಎತ್ತಿಕೊಳ್ಳುತ್ತಿದ್ದ. ಅವನನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು.

"ಯಾಕೆ ಇಷ್ಟು ಸಣ್ಣಗಾಗಿದ್ದೀಯ?" ಎಂದು ವಿಡಿಯೋದಲ್ಲಿ ಡ್ರಾಯಿಂಗ್ ಮೇಷ್ಟ್ರು ಕೇಳಿದರು.

"ಇಲ್ಲಿ ಯಾರೂ ಎರಡನೇ ಸಲ ಕೇಳಲ್ಲ ರೀ."

"ಹಾಗಾದ್ರೆ ಮೊದಲನೇ ಸಲಕ್ಕೇ ಹೂಂ ಅನ್ನು."

"ಮಾನ ಮರ್ಯಾದೆ ಬೇಡ್ವಾ?"

ತಮಾಷೆಯೆಂದರೆ, ನನ್ನ ತರಗತಿಯ ಮೊದಲ ಪಾಠವೇ ಅದಾಗಿತ್ತು. ಒಬ್ಬರು ಬಿಸ್ಕತ್ತಿನ ತಟ್ಟೆ ಹಿಡಿದು "ಬೇಕಾ?" ಎಂದು ಇಂಗ್ಲಿಷಿನಲ್ಲಿ ಕೇಳಬೇಕು, ಇನ್ನೊಬ್ಬರು ಬೇಕಿದ್ದರೆ ಬೇಕು, ಬೇಡದಿದ್ದರೆ ಬೇಡ ಎನ್ನಬೇಕು. ಬಸ್ ಡ್ರೈವರು, ನರ್ಸು, ಮೊಮ್ಮಕ್ಕಳ ಜೊತೆ ಮಾತಾಡಲು ಕಲಿಯಬೇಕೆಂದು ಬಂದ ಅಜ್ಜಿ, ಎಲ್ಲರಿಂದಲೂ ಗಟ್ಟಿಯಾಗಿ ಹೇಳಿಸಿದೆ. "ನಾಚ್ಕೋಬಾರ್ದು, ಮನಸ್ಸಲ್ಲಿ ಇರೋದನ್ನ ಹೇಳ್ಬೇಕು" ಎಂದು ಉಪದೇಶ ಬೇರೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿದ್ದಿತಂತೆ. ಅಜ್ಜಿ ತಟ್ಟೆ ನನ್ನ ಮುಂದೆ ಹಿಡಿದಾಗ ನಾನು ಬೇಡವೆಂದೆ.

ಆದರೂ ಆ ತರಗತಿ ನನಗೆ ಜೀವವಾಗಿಬಿಟ್ಟಿತು. ಊರಿನ ಮಕ್ಕಳು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಇವರು ದಿನವಿಡೀ ದುಡಿದು ಬಂದು ನನ್ನ ಬಾಯನ್ನೇ ನೋಡುತ್ತಿದ್ದರು. ವರ್ಷ ಮುಗಿಯುತ್ತಾ ಬಂದಾಗ ಮುಂದಿನ ಮೂರು ವರ್ಷಕ್ಕೆ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಅದು ನನಗೇ ಸಿಗಲಿ ಎಂದು ಕಂಡ ಕಾಣದ ದೇವರಿಗೆಲ್ಲ ಕೈಮುಗಿದೆ. ನನ್ನ ವಯಸ್ಸಿನವಳಿಗಾಗಿ ಬೇರೆಲ್ಲೂ ಯಾವ ಶಾಲೆಯೂ ಬಾಗಿಲು ತೆರೆದು ಕೂತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹೆಡ್ ಮೇಡಂ ಕರೆಸಿದರು. "ಆ ಕೆಲಸ ನಿಮಗೇ ಕೊಡೋಣ ಅಂತಿದ್ದೀನಿ. ಇಷ್ಟ ಇದೆಯಾ?"

ಮನಸ್ಸು ಆಗಲೇ ಹೂಂ ಎಂದಿತ್ತು. ಬಾಯಿ ಮಾತ್ರ ಅಮ್ಮ ಕಲಿಸಿದ್ದನ್ನೇ ಆಡಿತು. "ಅಯ್ಯೋ, ನನಗ್ಯಾಕೆ ಮೇಡಂ. ನನಗಿಂತ ಚೆನ್ನಾಗಿ ಪಾಠ ಮಾಡೋರು ಇದ್ದಾರೆ." ಹೀಗೆಂದು ತಲೆ ತಗ್ಗಿಸಿ, ಅವರು ಒತ್ತಾಯ ಮಾಡುವುದನ್ನೇ ಕಾಯುತ್ತಾ ಕೂತೆ.

"ಹೌದಾ? ನೇರವಾಗಿ ಹೇಳಿದ್ರಲ್ಲ, ಒಳ್ಳೇದಾಯ್ತು," ಎಂದರು ಅವರು. "ಹಾಗಾದ್ರೆ ಯಾರಿಗೆ ಕೊಡೋದು?"

ಇದೂ ಉಪಚಾರದ ಎರಡನೇ ಸುತ್ತೇ ಇರಬೇಕೆಂದುಕೊಂಡ ನಾನು, ಮಫ್ಲರಿನವನ ಹೆಸರನ್ನು ನನ್ನ ಬಾಯಿಂದಲೇ ಹೇಳಿದೆ. ಅವರು ತಲೆಯಾಡಿಸಿ ಫೋನ್ ಎತ್ತಿ ಅವನನ್ನು ಬರಹೇಳಿದರು. ನಾನು ಎದ್ದು, ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡು ಆಚೆ ಬಂದೆ. ಕೈಗೆ ಬಂದ ತುತ್ತನ್ನು ನಾನೇ ಎತ್ತಿ ಪಕ್ಕದವನ ತಟ್ಟೆಗೆ ಹಾಕಿದ್ದೆ.

ಕಾರಿಡಾರಿನ ಆ ತುದಿಯಿಂದ ಮಫ್ಲರು ಶಿಳ್ಳೆ ಹಾಕುತ್ತಾ ಬರುತ್ತಿತ್ತು. ಅದನ್ನು ಕಂಡದ್ದೇ ನನಗೆ ಏನಾಯಿತೋ, "ಒಂದು ನಿಮಿಷ, ಮೊದಲು ನಾನು" ಎಂದು ಒಳಗೆ ನುಗ್ಗಿ ಅವನ ಮುಖಕ್ಕೆ ಬಾಗಿಲು ಹಾಕಿದೆ.

"ಮೇಡಂ, ಆ ಕೆಲಸ ನನಗೆ ಬೇಕು."

"ಈಗಷ್ಟೇ ಬೇಡ ಅಂದ್ರಲ್ಲ?"

"ಬೇಕು ಅಂತಲೇ ಬೇಡ ಅಂದಿದ್ದು."

ಅವರು ಕನ್ನಡಕ ತೆಗೆದು ಕೆಳಗಿಟ್ಟರು. ನಾನು ಕಾಫಿಯ ಕಥೆ, ಸೂಪಿನ ಕಥೆ, ಅಮ್ಮನ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಹಾಗಾದ್ರೆ ನಿಮ್ಮನ್ನ ಎಷ್ಟು ಸಲ ಕೇಳಬೇಕು?"

"ಮೂರು. ಎರಡಾದ್ರೂ ನಡೆಯುತ್ತೆ."

"ನಮ್ಮಲ್ಲಿ ಒಂದೇ ಸಲ," ಎಂದರು. "ಬೇಡ ಅಂದೋರನ್ನ ಮತ್ತೆ ಕೇಳಿದ್ರೆ ಅವರ ಮಾತನ್ನ ನಂಬಲಿಲ್ಲ ಅಂತ ಆಗುತ್ತೆ. ಅದು ಅವಮಾನ ಅಲ್ವಾ?"

ವರ್ಷವಿಡೀ ನನ್ನನ್ನು ಉಪವಾಸ ಕೆಡವಿದ್ದು ಇವರ ಮರ್ಯಾದೆ ಎಂದು ನನಗೆ ಆಗ ತಿಳಿಯಿತು. ಕಿವಿ ಬಿಸಿಯಾದರೂ ತಲೆ ಎತ್ತಿ ಇನ್ನೊಮ್ಮೆ "ಬೇಕು" ಎಂದೆ. ಕೆಲಸ ನನ್ನದಾಯಿತು. ಆ ಸಂಜೆ ಮನೆ ಒಡತಿ ಕೇಳುವ ಮೊದಲೇ ಬಟ್ಟಲು ಹಿಡಿದು ಅಡುಗೆಮನೆಗೆ ಹೋದೆ.

ಊಟ ಮುಗಿಸಿ ಊರಿಗೆ ಫೋನ್ ಮಾಡಿದೆ. "ಇನ್ನೂ ಮೂರು ವರ್ಷ ಇಲ್ಲೇ ರೀ."

"ಒಳ್ಳೇದಾಯ್ತು," ಎಂದರು ಡ್ರಾಯಿಂಗ್ ಮೇಷ್ಟ್ರು.

"ಈಗ ಮನೆಯವರನ್ನೂ ಕರೆಸಿಕೊಳ್ಳಬಹುದಂತೆ. ನೀವೂ ಬರ್ತೀರಾ?"

"ಬೇಡ, ಬೇಡ. ನಾನ್ಯಾಕೆ ಅಲ್ಲಿ. ನಿನಗೇ ತಾಪತ್ರಯ."

ನಾನು ಹೊಸ ಪಾಠ ಕಲಿತ ಹುಮ್ಮಸ್ಸಿನಲ್ಲಿದ್ದೆ. ಒಬ್ಬರು ಬೇಡ ಎಂದರೆ ಅವರ ಮಾತಿಗೆ ಬೆಲೆ ಕೊಡಬೇಕು. "ಸರಿ ರೀ, ನಿಮ್ಮಿಷ್ಟ," ಎಂದೆ.

ಆ ಕಡೆ ಫ್ಯಾನು ಆರಿಸಿದ ಸದ್ದಾಯಿತು. ಆಮೇಲೆ ಅವರು ಮೆಲ್ಲಗೆ ಕೇಳಿದರು.

"ಅಷ್ಟೇನಾ? ಒಂದೇ ಸಲಕ್ಕೆ ಬಿಟ್ಟುಬಿಟ್ಯಾ?"

ದನಿಯಲ್ಲಿ ತಮಾಷೆ ಇರಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, "ಬನ್ನಿ ರೀ, ಒಬ್ಬಳಿಗೇ ಆಗಲ್ಲ," ಎಂದೆ.

"ನನಗೆ ಆ ಚಳಿ ಎಲ್ಲಿ ತಡೆಯುತ್ತೆ."

"ಸ್ವೆಟರ್ ತಂದಿಡ್ತೀನಿ. ಬನ್ನಿ."

"ನೋಡೋಣ," ಎಂದರು. "ಪಾಸ್‌ಪೋರ್ಟ್ ಅಂತೂ ನೀನು ಇಲ್ಲಿಂದ ಹೊರಟ ವಾರವೇ ನಾನು ಮಾಡಿಸೋಕೆ ಕೊಟ್ಟಿದ್ದೆ."