ಕೌದಿಗೆ ಬೇಕಾದ ಬೆಳಕು

ಸನವಳ್ಳಿಗೆ ಕೊಟ್ಟ ಮಗಳು ದ್ರಾಕ್ಷಾಯಣಿ ಚೊಚ್ಚಲ ಬಸುರಿ. ತೊಟ್ಟಿಲಿಗೆ ಹಾಸುವ ಮೊದಲ ಕೌದಿಯನ್ನು ತಾಯಿಯ ತಾಯಿಯೇ ಹೊಲಿಯಬೇಕು, ಅದೂ ಎರಡೂ ಮನೆಯ ಹಳೆ ಸೀರೆ ಕೂಡಿಸಿ. ಬೀಗರ ಸೀರೆಗಳು ದಾಂಡೇಲಿಯ ತವರಿಗೆ ಬಂದು ಕೂತಿದ್ದವು. ತಾಯಿ ಸತ್ತೆವ್ವನ ಹೊಲಿಗೆ ಮಾತ್ರ ಹಾದಿ ತಪ್ಪಿತ್ತು. ಹೊಸ ಚಾಳೀಸು ಕನ್ನಡಕ ಹಾಕಿಕೊಂಡರೂ ಸಾಲು ಸೊಟ್ಟ.

ಪೇಪರ್ ಮಿಲ್ಲಿನಿಂದ ನಿವೃತ್ತನಾದ ಗಂಡ ಉಳವಪ್ಪ ಒಂದು ಸಂಜೆ ಅದನ್ನು ನೋಡಿ ಮರುಗಿದ. "ಹೋಗ್ಲಿ ಬಿಡ. ಮಗ್ಗಲಮನಿ ಶಿವಗಂಗವ್ವಗ ಹೇಳ್ತೇನಿ, ಆಕಿ ಹೊಲದು ಕೊಡ್ತಾಳ."

ಪ್ರೀತಿಯಿಂದಲೇ ಅಂದದ್ದು. ಆದರೆ ಸತ್ತೆವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆಯೆತ್ತಿದಳು. ಮೊಮ್ಮಗು ತನ್ನದು, ಕೌದಿ ಇನ್ನೊಬ್ಬಳದೇ?

"ನನ್ನ ಕಣ್ಣ ಹೋಗಿಲ್ರಿ," ಎಂದಳು. "ಟ್ಯೂಬ್‌ಲೈಟ್ ನನ್ನ ಬೆನ್ನ ಹಿಂದ ಐತಿ. ಬಗ್ಗಿದ್ರ ನನ್ನ ನೆರಳ ನನ್ನ ಸೂಜಿ ಮ್ಯಾಲ ಬೀಳತೈತಿ. ಪಡಸಾಲಿಗೆ ಒಂದು ನಿಂದರಸೂ ದೀಪ ತರೂಣು."

ಉಳವಪ್ಪ ಕೂಡಲೇ ಒಪ್ಪಿದ. ಅವನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಹೊಸ ಸೋಫಾದ ಪಕ್ಕದಲ್ಲಿ ಝಗಮಗಿಸುವ ದೀಪವೊಂದು ನಿಂತರೆ ಬೀಗರ ಮುಂದೆ ಮೀಸೆ ತಿರುವಬಹುದಲ್ಲ.

ಹಳಿಯಾಳದ ಬಾಳೇಶನ ಅಂಗಡಿಯಲ್ಲಿ ಹಿತ್ತಾಳೆ ಬಣ್ಣದ ಕಂಬ, ಮಣಿ ಪೋಣಿಸಿದ ಟೊಪ್ಪಿಗೆಯ ದೀಪ ಕಂಡದ್ದೇ ಉಳವಪ್ಪ ಕರಗಿಹೋದ. "ಇದನ್ನ ಒಯ್ಯೂಣು."

ಸತ್ತೆವ್ವ ಚೀಲದಿಂದ ಅರ್ಧ ಹೊಲಿದ ಕೌದಿ ತೆಗೆದು ಅಂಗಡಿಯ ನಟ್ಟನಡುವೆ ಹಾಸಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಬಾಳೇಶ ಗಾಬರಿಯಾದ. "ಅಕ್ಕಾರ, ಕುರ್ಚಿ ತರಸ್ತೇನಿ ತಡೀರಿ."

"ಬ್ಯಾಡಪಾ. ಕೌದಿ ಕುರ್ಚಿ ಮ್ಯಾಲ ಕುಂತು ಹೊಲಿಯೂದಲ್ಲ."

ಆಗ ಗೊತ್ತಾಯಿತು ಮಣಿದೀಪದ ಬಂಡವಾಳ. ಕೆಳಗಿನಿಂದ ನೋಡಿದರೆ ಬಲ್ಬು ನೇರವಾಗಿ ಕಣ್ಣಿಗೇ ರಾಚುತ್ತಿತ್ತು. ಇನ್ನೊಂದರ ಬೆಳಕೆಲ್ಲ ಛಾವಣಿಗೆ. ಅಲ್ಲಿದ್ದ ದೀಪಗಳೆಲ್ಲ ಸೋಫಾದವರ ಪಕ್ಷ. ನೆಲದ ಮೇಲೆ ಕೂರುವವರೂ ಭೂಮಿಯಲ್ಲಿದ್ದಾರೆ ಎಂಬುದು ಅವನ್ನು ಮಾಡಿದವರಿಗೆ ನೆನಪಾದಂತಿರಲಿಲ್ಲ.

ಬಾಗಿಲಲ್ಲಿ ಜನ ನಿಂತರು. "ಏಳ, ಮಂದಿ ನೋಡಾಕತ್ತಾರ," ಎಂದು ಉಳವಪ್ಪ ಪಿಸುಗುಟ್ಟಿದ.

"ನೋಡ್ಲಿ ಬಿಡ್ರಿ. ಬಾಳೇಶಪ್ಪಾ, ಆ ಮೂಲ್ಯಾಗಿಂದ ತಾ."

ಮೂಲೆಯಲ್ಲಿದ್ದುದು ಕಪ್ಪು ಬಣ್ಣದ, ದಪ್ಪ ಬುಡದ, ಹೇಗೆ ಬಗ್ಗಿಸಿದರೂ ಬಗ್ಗುವ ಕತ್ತಿನ ದೀಪ. ಯಾವುದೋ ಬ್ಯೂಟಿ ಪಾರ್ಲರಿನವರು ತರಿಸಿ ಕೈಬಿಟ್ಟದ್ದಂತೆ. "ದವಾಖಾನಿಯಿಂದ ಎದ್ದು ಬಂದಂಗ ಐತಿ," ಎಂದು ಉಳವಪ್ಪ ಮುಖ ಸಿಂಡರಿಸಿದ.

ಸತ್ತೆವ್ವ ಅದರ ಕತ್ತು ಬಗ್ಗಿಸಿ ಎಡಭುಜದ ಮೇಲಿನಿಂದ ಬೆಳಕು ಬರುವಂತೆ ಮಾಡಿಕೊಂಡಳು. ಸೂಜಿಯ ಮೇಲಿನ ನೆರಳು ಓಡಿಹೋಯಿತು. ಕರಿ ದಾರ ಮೊದಲ ಸಲಕ್ಕೇ ಸೂಜಿಗಣ್ಣು ದಾಟಿತು. ಕೆಂಪು ಸೀರೆಯ ತುಂಡಿನ ಮೇಲೆ ಒಂದು ಗೇಣು ಹೊಲಿದಳು. ಸಾಲು ಕೂರಿಗೆಯಲ್ಲಿ ಬಿತ್ತಿದಷ್ಟು ನೆಟ್ಟಗೆ ಬಂತು. ಅವಳಿಗೆ ಎದ್ದು ಕುಣಿಯಬೇಕೆನಿಸಿತು. ತಾನು ಕುರುಡಿಯಾಗಿಲ್ಲ, ಮುದುಕಿಯೂ ಆಗಿಲ್ಲ!

ಉಳವಪ್ಪ ಬಗ್ಗಿ ಆ ಗೇಣುದ್ದದ ಸಾಲಿನ ಮೇಲೆ ಬೆರಳಾಡಿಸಿದ. ಮಣಿದೀಪವನ್ನು ಇನ್ನೊಮ್ಮೆ ಆಸೆಯಿಂದ ನೋಡಿದ. "ಕಟ್ಟಪಾ, ಇದನ್ನ ಕಟ್ಟ," ಎಂದ.

ದ್ರಾಕ್ಷಾಯಣಿ ತವರಿಗೆ ಬರುವ ಹೊತ್ತಿಗೆ ಕೌದಿಯ ನಡುವೆ ಹೊಲಿಯದ ಅಂಗೈಯಗಲದ ಬಾಯಿ ಮಾತ್ರ ಉಳಿದಿತ್ತು. ಆ ಮನೆಯಲ್ಲಿ ಕೌದಿಯನ್ನು ಬರಿ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಹಸಿದ ಕೌದಿಯ ಮೇಲೆ ಮಲಗಿದ ಕೂಸೂ ಹಸಿದೇ ಇರುತ್ತದೆಂಬ ನಂಬಿಕೆ. ಉಳವಪ್ಪನೇ ಬುಟ್ಟಿಯಿಂದ ಚೂರು ರೊಟ್ಟಿ ತಂದುಕೊಟ್ಟ. ಸತ್ತೆವ್ವ ಅದನ್ನು ಒಳಗಿಟ್ಟಳು.

ನೋಡಲು ಬಂದ ಶಿವಗಂಗವ್ವ ಕೌದಿಯನ್ನು ಮಗುಚಿ ಹಾಕಿ ಹಿಂಬದಿಯನ್ನೂ ತಡಕಿದಳು. ಒಂದು ಕುಂದೂ ಸಿಗಲಿಲ್ಲ. "ಸತ್ತೆವ್ವಕ್ಕಾ, ನನ್ನ ಕಣ್ಣೂ ಮಂಜ ಆಗ್ಯಾವ. ಈ ದೀಪ ಎಲ್ಲಿ ತಂದಿ?"

ಉತ್ತರ ಬಂದದ್ದು ಸೋಫಾದಿಂದ. "ಹಳಿಯಾಳದಾಗ. ದೀಪದ ಚಂದ ನೋಡಿ ತರಬಾರ್ದು ನೋಡವಾ. ನೆಲದ ಮ್ಯಾಲ ಕುಂತು ನೋಡಬೇಕು. ನಾವು ಹಂಗ ಆರಿಸಿದ್ವಿ."

ಸತ್ತೆವ್ವ ನಗು ನುಂಗಿ ಕೊನೆಯ ಹೊಲಿಗೆ ಹಾಕಿ ದಾರ ಕಡಿದಳು. ಖಾಲಿ ಸೂಜಿಯನ್ನೂ ದಾರವನ್ನೂ ಗಂಡನ ಕೈಗಿಟ್ಟಳು. "ಹಂಗಾರ ಪೋಣಸ್ರಿ ನೋಡೂಣು."

ಸೋಫಾದಲ್ಲಿ ಕೂತು ಉಳವಪ್ಪ ಎಷ್ಟು ತಿಣುಕಿದರೂ ಆಗಲಿಲ್ಲ. ಕೊನೆಗೆ ಕೆಳಗಿಳಿದು, ಕರಿ ದೀಪದ ಅಡಿಯಲ್ಲಿ ಹೆಂಡತಿಯ ಮಗ್ಗುಲಿಗೆ ಕೂತು, ಪೋಣಿಸಿದ.